ಹತ್ತು ಸಾವಿರ ದಾಟಿದ ಮಣ್ಣಿನ ರೊಕ್ಕ

ಬೆಳಗಿನ ಐದೂ ಮುಕ್ಕಾಲು. ತೆಂಗಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಮುದಾಯ ಭವನದ ಫರ್ಸಿ ಕಲ್ಲಿನ ಮೆಟ್ಟಿಲ ಮೇಲೆ ಅನಸುಬಾಯಿ ಕುಳಿತಿದ್ದಾರೆ. ತೊಡೆಯ ಮೇಲೆ ಬೆರಳಚ್ಚು ಹಿಡಿಯುವ ಅಂಗೈಯಷ್ಟಗಲದ ಯಂತ್ರ, ಪಕ್ಕದಲ್ಲಿ ಒದ್ದೆ ಬಟ್ಟೆ ಮತ್ತು ವ್ಯಾಸಲಿನ್ ಡಬ್ಬಿ. ಎದುರಿಗೆ ಎಪ್ಪತ್ತೊಂದು ವರ್ಷದ ಲಾಲಮ್ಮ ಎಡಗೈ ಚಾಚಿದ್ದಾರೆ. ಅನಸುಬಾಯಿ ಹೆಬ್ಬೆರಳನ್ನು ಮುಟ್ಟುವುದೇ ಇಲ್ಲ. ಉಂಗುರದ ಬೆರಳನ್ನು ಒರೆಸಿ, ಚೂರೇ ಚೂರು ವ್ಯಾಸಲಿನ್ ಹಚ್ಚಿ, ಯಂತ್ರದ ಗಾಜಿಗೆ ಒತ್ತುತ್ತಾರೆ.

"ಆಯಿ, ಜರಾ ಒತ್ತು. ಹೆದರಬ್ಯಾಡ, ಅದು ಕಚ್ಚಂಗಿಲ್ಲ."

"ಶಹಾಬಾದದಾಗ ನಲವತ್ತು ವರ್ಷ ಫರ್ಸಿ ತಿಕ್ಕೀನಿ. ಇದಕ್ಕ ಹೆದರ್ತೀನೇನ ನಾ?"

ಯಂತ್ರ ಸದ್ದು ಮಾಡುತ್ತದೆ. ಅನಸುಬಾಯಿ ಪರದೆ ನೋಡಿ, ಲಾಲಮ್ಮನ ಕೈಯನ್ನು ಹಾಗೆಯೇ ಹಿಡಿದುಕೊಂಡು, "ಈ ತಿಂಗಳೂ ಬಂದಿಲ್ಲ ಆಯಿ" ಎನ್ನುತ್ತಾರೆ. ವೃದ್ಧಾಪ್ಯದ ಮಾಸಾಶನವನ್ನು ಇಲ್ಲಿನ ಮುದುಕರು ಪಗಾರ ಎಂದೇ ಕರೆಯುತ್ತಾರೆ. ಲಾಲಮ್ಮನ ಪಗಾರ ನಿಂತು ಎಂಟು ತಿಂಗಳಾಗಿದೆ. ಖಾತೆಯಲ್ಲಿ ಉಳಿದಿರುವ ತನ್ನದೇ ಹಣದಿಂದ ಸಾವಿರ ರೂಪಾಯಿ ತೆಗೆಸಿಕೊಂಡು, ಸೆರಗಿನ ತುದಿಗೆ ಗಂಟು ಹಾಕಿ, ಅವರು ಗೋಡೆ ಹಿಡಿದು ಎದ್ದು ಹೋಗುತ್ತಾರೆ.

ನಲವತ್ತಾರರ ಅನಸುಬಾಯಿ ಹನ್ನೊಂದು ವರ್ಷದಿಂದ ಬ್ಯಾಂಕ್ ಮಿತ್ರ. ತೆಂಗಳಿ, ಕೊಡ್ಲಿ ಮತ್ತು ಅಕ್ಕಪಕ್ಕದ ತಾಂಡಾಗಳಲ್ಲಿ ಮುದುಕರು, ವಿಧವೆಯರು, ಅಂಗವಿಕಲರು ಸೇರಿ ಮುನ್ನೂರ ನಲವತ್ತು ಜನರ ಮಾಸಾಶನ ಇವರ ಯಂತ್ರದಿಂದಲೇ ಕೈಸೇರಬೇಕು. ಹೊತ್ತೇರಿದರೆ ನೆಟ್‌ವರ್ಕ್ ಸಿಗುವುದಿಲ್ಲ, ತೊಗರಿ ಹೊಲಕ್ಕೆ ಹೋದವರೂ ಸಿಗುವುದಿಲ್ಲ. ಅದಕ್ಕೇ ನಸುಕಿನ ಕೆಲಸ. ಮಾಸಾಶನ ಬೀಳುವ ವಾರದಲ್ಲಿ ದಿನಕ್ಕೆ ನಲವತ್ತು ಜನ. ಸಾವಿರ ರೂಪಾಯಿ ಎಣಿಸಿ ಕೊಟ್ಟರೆ ಇವರಿಗೆ ದಕ್ಕುವ ಕಮಿಷನ್ ನಾಲ್ಕೋ ಐದೋ ರೂಪಾಯಿ.

ಕಲ್ಲಿನ ಖಣಿಯಲ್ಲಿ, ಹೊಲದಲ್ಲಿ ದುಡಿದವರ ಹೆಬ್ಬೆರಳಲ್ಲಿ ಗೆರೆ ಉಳಿದಿರುವುದಿಲ್ಲ. ಯಂತ್ರ ಒಪ್ಪದಿದ್ದರೆ ಹಣ ಇಲ್ಲ. ಹತ್ತೂ ಬೆರಳು ಒತ್ತಿಸಿ, ಯಾವುದು ಒಪ್ಪಿತೋ ಅದನ್ನು ಅನಸುಬಾಯಿ ನೆನಪಿಟ್ಟುಕೊಳ್ಳುತ್ತಾರೆ. ತುಳಜಾಬಾಯಿಯದು ಬಲಗೈ ಕಿರುಬೆರಳು. ಕೊಡ್ಲಿಯ ಹನುಮಂತ ಮುತ್ಯಾನದು ಎಡಗೈ ತೋರುಬೆರಳು, ಅದೂ ಸ್ನಾನ ಮಾಡಿ ಬಂದ ಮೇಲೆ. "ಕೆಲವರ ಮಾರಿ ಮರೀತೀನ್ರಿ. ಬೆರಳ ಮರಿಯಂಗಿಲ್ಲ" ಎಂದು ಸಂಕೋಚದಿಂದ ನಗುತ್ತಾರೆ.

ಹುಟ್ಟಿದ್ದು ವಾಡಿಯಲ್ಲಿ, ಓದಿದ್ದು ಒಂಬತ್ತನೆಯ ತರಗತಿ. ತೆಂಗಳಿಗೆ ಸೊಸೆಯಾಗಿ ಬಂದರು. ಗಂಡ ಸೂರ್ಯಕಾಂತ ಮನೆ ಕಟ್ಟುವ ಗೌಂಡಿ ಕೆಲಸದವರು. ಮದುವೆಯಾದ ಆರನೇ ವರ್ಷಕ್ಕೆ ಜ್ವರ ಬಂದು ತೀರಿಹೋದರು. ಮಕ್ಕಳಿಲ್ಲ. ಮಹಿಳಾ ಸಂಘದ ಪುಸ್ತಕ ಬರೆಯುತ್ತಿದ್ದ ಇವರನ್ನು ಬ್ಯಾಂಕಿನವರು ಕಲಬುರಗಿಗೆ ಕರೆಸಿ, ನಾಲ್ಕು ದಿನ ತರಬೇತಿ ಕೊಟ್ಟು, ಯಂತ್ರ ಕೈಗಿತ್ತರು. ಒಂದೇ ಕೋಣೆಯ ಮನೆ. ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಯಂತ್ರ ಚಾರ್ಜ್ ಮಾಡುವ ಪ್ಲಗ್ಗು. "ದಿನಕ್ಕ ನಲವತ್ತು ಮಂದಿ ಕೈ ಹಿಡೀತೀನ್ರಿ. ಸಂಜಿಗಿ ಮನಿಗಿ ಬಂದ್ರ ಮಾತಾಡ್ಲಿಕ್ಕ ಒಬ್ಬರಿಲ್ಲ. ಒಮ್ಮೊಮ್ಮೆ ಈ ಮಷಿನ್‌ದಾಗಿನ ಹೆಣ್ಮಗಳು 'ಧನ್ಯವಾದ' ಅಂತಾಳಲ್ಲ, ಆಕಿಗೇ 'ಇರ್ಲಿ ತಗೊ' ಅಂದುಬಿಡ್ತೀನಿ."

ಲಾಲಮ್ಮನ ಪಗಾರ ನಿಂತದ್ದಕ್ಕೆ ಅನಸುಬಾಯಿ ಯಾರನ್ನೂ ದೂರುವುದಿಲ್ಲ. ತಪ್ಪು ತನ್ನದೇ ಎನ್ನುತ್ತಾರೆ.

ಲಾಲಮ್ಮನ ಕೇರಿಯಲ್ಲಿ ಹಿಂದೆಮುಂದೆ ಯಾರೂ ಇಲ್ಲದ ಹೆಂಗಸರು ತಮ್ಮ ಮಣ್ಣಿಗೆ, ಅಂದರೆ ಶವಸಂಸ್ಕಾರಕ್ಕೆ, ತಾವೇ ರೊಕ್ಕ ಕೂಡಿಡುತ್ತಾರೆ. ಹೊಸ ಸೀರೆ, ಗುಂಡಿ ತೋಡುವವರ ಕೂಲಿ, ಹಲಗೆ ಬಾರಿಸುವವರಿಗೆ ಒಂದಿಷ್ಟು, ಮೂರನೆಯ ದಿನ ಕೇರಿಗೆಲ್ಲ ಒಂದು ಹೊತ್ತಿನ ಅನ್ನ. ಇದಕ್ಕೆ ಮಣ್ಣಿನ ರೊಕ್ಕ ಎಂದೇ ಹೆಸರು. ಹಸಿದರೂ ಅದನ್ನು ಮುಟ್ಟುವುದಿಲ್ಲ, ಸಾಲ ಕೊಡುವುದಿಲ್ಲ. ಲಾಲಮ್ಮ ಅದನ್ನು ಕಟ್ಟಿಗೆ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದರು. ಒಂದು ಮಳೆಗಾಲ ಗೆದ್ದಲು ಹತ್ತಿ ಎರಡು ನೋಟು ಪುಡಿಯಾದವು. ಆ ಪುಡಿಯನ್ನು ಅಂಗೈಯಲ್ಲಿ ಹಿಡಿದು ಬಂದ ಮುದುಕಿಗೆ ಅನಸುಬಾಯಿ ಬುದ್ಧಿ ಹೇಳಿದರು: "ಆಯಿ, ಬ್ಯಾಂಕಿಗಿ ಹಾಕು. ಅಲ್ಲಿ ಗೆದ್ದಲ ಹತ್ತಂಗಿಲ್ಲ." ಉಳಿದದ್ದನ್ನು ತಾವೇ ಎಣಿಸಿ ಖಾತೆಗೆ ಹಾಕಿದರು. ಮೊದಲಿದ್ದದ್ದೂ ಸೇರಿ ಹದಿನಾಲ್ಕು ಸಾವಿರದ ಇನ್ನೂರಾಯಿತು.

ಲಾಲಮ್ಮ ಪಡೆಯುವ ಮಾಸಾಶನಕ್ಕೆ ಖಾತೆಯಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ಠೇವಣಿ ಇರಬಾರದು ಎಂಬ ನಿಯಮವಿರುವುದು ಅನಸುಬಾಯಿಗೆ ಗೊತ್ತಿರಲಿಲ್ಲ. ಪಗಾರ ನಿಂತಾಗ ಬೆರಳಿನ ದೋಷ ಅಂದುಕೊಂಡರು, ಆಧಾರ್ ದೋಷ ಅಂದುಕೊಂಡರು. ಮೂರು ಸಲ ಲಾಲಮ್ಮನನ್ನು ಬಸ್ಸಿಗೆ ಹತ್ತಿಸಿಕೊಂಡು ತಾಲ್ಲೂಕು ಕಚೇರಿಗೆ ಹೋದರು. ಹೋದ ಪ್ರತಿ ದಿನ ತಮ್ಮ ದುಡಿಮೆಯೂ ಬಂದ್. ನಿಜವಾದ ಕಾರಣ ತಿಳಿಯುವಷ್ಟರಲ್ಲಿ ಐದು ತಿಂಗಳು ಕಳೆದಿತ್ತು, ಮತ್ತೆ ಹೊಸದಾಗಿ ಅರ್ಜಿ ಹಾಕಬೇಕಾಯಿತು.

ಸುದ್ದಿ ಕೇರಿಯಿಂದ ಕೇರಿಗೆ ಹಬ್ಬಿತು. ಬ್ಯಾಂಕಿನಲ್ಲಿ ಚೂರುಪಾರು ಉಳಿಸಿದ್ದವರೆಲ್ಲ ಬಂದು ತೆಗೆಸಿಕೊಂಡರು. ಮೊದಲೆಲ್ಲ ಬೆರಳು ಒತ್ತಿದ ಮೇಲೂ ಕುಳಿತು ಸೊಸೆಯ ಮಾತು, ಮೊಣಕಾಲಿನ ಮಾತು ಆಡುತ್ತಿದ್ದವರು ಈಗ ಹಣ ಎಣಿಸಿಕೊಂಡು ಎದ್ದುಬಿಡುತ್ತಾರೆ. "ಬಂದಳು ನೋಡು ಪಗಾರ್ ಬಂದ್ ಮಾಡ್ಸಾಕಿ" ಎಂದು ತುಳಜಾಬಾಯಿ ಕೇಳಿಸುವಂತೆಯೇ ಹೇಳುತ್ತಾರೆ. ಚಹಾಕ್ಕೆ ಕರೆಯುತ್ತಿದ್ದ ಎರಡು ಮನೆಯವರು ಕರೆಯುವುದನ್ನು ಬಿಟ್ಟಿದ್ದಾರೆ. ಅನಸುಬಾಯಿ ಬುತ್ತಿಯನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಬಿಚ್ಚುತ್ತಾರೆ. ಊಟದ ಹೊತ್ತಿನಲ್ಲಿ ಬಸ್ಸಿಗೆ ಕಾಯುವವರಂತೆ ರಸ್ತೆಯನ್ನೇ ನೋಡುತ್ತಿರುತ್ತಾರೆ.

ಮಿತಿ ಏರಿಸಬೇಕೆಂದು ಅವರೇ ಒಂದು ಮನವಿ ಬರೆದರು. ಒಂಬತ್ತನೆಯ ತರಗತಿಯ ಅಕ್ಷರದಲ್ಲಿ ಒಂದೂವರೆ ಪುಟ. ಒಂದು ಮಣ್ಣಿಗೆ ಈಗ ಎಷ್ಟು ಖರ್ಚಾಗುತ್ತದೆ ಎಂಬ ಪಟ್ಟಿಯೂ ಅದರಲ್ಲಿತ್ತು. ಸಹಿಗೆ ಮೊದಲ ವಾರ ಒಬ್ಬರೂ ಬರಲಿಲ್ಲ. ಕೊನೆಗೆ ಬಂದವರು ಬಂದೇಅಲಿ. ಪೋಲಿಯೊದಿಂದ ಎರಡೂ ಕಾಲು ಸೋತ ಅವರು ಕೊಡ್ಲಿಯಲ್ಲಿ ಸ್ಟೋವ್ ರಿಪೇರಿ ಮಾಡುತ್ತಾರೆ. ಅಂಗವಿಕಲರ ಮಾಸಾಶನವಿದೆ. ಮೂರು ಗಾಲಿಯ ಗಾಡಿಗೆಂದು ಉಳಿಸುತ್ತಿದ್ದ ಹಣವನ್ನು ಅವರೂ ಹೆದರಿ ಬಿಡಿಸಿಕೊಂಡಿದ್ದರು.

"ಆಪಾ, ಬಡವರಿಗೂ ಗೆರಿ ಹೊಡದಾರ ನೋಡ್ರಿ, ಖೋ ಖೋ ಆಟದಂಗ. ದಾಟಿದ್ರ ಔಟ್! ನಂಗ ಓಡ್ಲಿಕ್ಕೇ ಬರಂಗಿಲ್ಲ, ದಾಟಾದು ದೂರದ ಮಾತು" ಎಂದು ನಗುತ್ತಲೇ ಸಹಿ ಹಾಕಿದರು. ಆಮೇಲೆ ಒಬ್ಬೊಬ್ಬರೇ ಬಂದರು. ಶಾಯಿ ಪ್ಯಾಡಿನ ಮೇಲೆ ಒತ್ತಿ ಹಾಕಿದ ಹೆಬ್ಬೆಟ್ಟುಗಳು, ಸಹಿಗಳು ಸೇರಿ ನೂರ ಅರವತ್ತಮೂರು. ತುಳಜಾಬಾಯಿ ಮಾತ್ರ ಬರಲಿಲ್ಲ. ಕಚೇರಿಯ ಗುಮಾಸ್ತರು ಕಾಗದ ತಿರುವಿ ನೋಡಿ, "ಇದು ನಮ್ ಕೈಯಾಗ ಇಲ್ಲ ಬಾಯಿ. ಮ್ಯಾಲ ಕಳಿಸ್ತೀವಿ" ಎಂದು ಸ್ವೀಕೃತಿ ಕೊಟ್ಟರು. ಉತ್ತರ ಈವರೆಗೆ ಬಂದಿಲ್ಲ.

ಮುಂದಿನ ತಿಂಗಳ ಎಂಟನೇ ತಾರೀಕು. ಅದೇ ನಸುಕು. ಲಾಲಮ್ಮನ ಖಾತೆಗೆ ಸಾವಿರದ ಇನ್ನೂರು ರೂಪಾಯಿ ಬಂದಿದೆ.

"ಬಂತು ಆಯಿ! ಪಗಾರ್ ಬಂತು!"

ಲಾಲಮ್ಮ ನಗುವುದಿಲ್ಲ. "ಬರ್ದೇ ಏನ್ ಮಾಡ್ತದ? ಹದಿನಾಲ್ಕು ಸಾವಿರ ಇತ್ತು. ಈಗ ಎಷ್ಟದ?"

"ಐದು ಸಾವಿರದ ಇನ್ನೂರು, ಇದು ಬಿಟ್ಟು."

"ನನ್ನ ಮಣ್ಣಿನ ರೊಕ್ಕ ನಾನೇ ಕುಂತು ಉಂಡೆ ನೋಡು. ತಿಥಿ ಊಟ ಮೊದಲೇ ಆತು" ಎಂದು ಮುದುಕಿ ಮೆಟ್ಟಿಲ ಮೇಲಿನ ಧೂಳನ್ನು ಕೈಯಿಂದ ಸವರುತ್ತಾರೆ. ಅನಸುಬಾಯಿ ಸಾವಿರದ ಇನ್ನೂರನ್ನು ಎಣಿಸಿ ಕೊಡುತ್ತಾರೆ. ಲಾಲಮ್ಮ ಆ ನೋಟುಗಳಲ್ಲಿ ಎರಡು ನೂರನ್ನು ಬಿಡಿಸಿ ಮುಂದೆ ಹಿಡಿಯುತ್ತಾರೆ.

"ತಗೊ, ಮತ್ತ ಹಾಕು. ಎಷ್ಟಾದ್ರ ನಿಲ್ಲಿಸ್ಬೇಕು, ಅದನ್ನ ಹೇಳು."

"ಒಂಬತ್ತು ಸಾವಿರ ಆದಾಗ ನಾ ಹೇಳ್ತೀನಿ ಆಯಿ."

"ಒಂಬತ್ತರಾಗ ಮಣ್ಣ ಆಗಂಗಿಲ್ಲಲ್ಲ."

"ಕಮ್ಮಿ ಬಿದ್ದದ್ದು ನಾ ಹಾಕ್ತೀನಿ. ನೀ ಚಿಂತಿ ಮಾಡಬ್ಯಾಡ."

ಲಾಲಮ್ಮ ಅವರ ಮುಖವನ್ನೇ ನೋಡುತ್ತಾರೆ. "ನೀ ನಂಗೇನ್ ಆಗಬೇಕಬೇ?" ಎಂದು ಕೇಳುತ್ತಾರೆ. ಕೇಳಿದ್ದರಲ್ಲಿ ಸಿಟ್ಟಿಲ್ಲ, ಪ್ರೀತಿಯೂ ಇದ್ದಂತಿಲ್ಲ. ತಿಳಿದುಕೊಳ್ಳಬೇಕೆಂದು ಕೇಳಿದ ಮಾತು. ಉತ್ತರಕ್ಕೆ ಕಾಯದೆ, ಎರಡು ನೂರು ರೂಪಾಯಿಯನ್ನು ಅಲ್ಲೇ ಬಿಟ್ಟು ಮನೆಯ ಕಡೆ ನಡೆಯುತ್ತಾರೆ.

ಅನಸುಬಾಯಿ ಆ ಹಣವನ್ನು ಖಾತೆಗೆ ಹಾಕಿ, ಚೀಟಿ ಹರಿದು, ನಾಳೆ ಕೊಡಬೇಕೆಂದು ಕುಪ್ಪಸದೊಳಗೆ ಇಟ್ಟುಕೊಳ್ಳುತ್ತಾರೆ. ಮುಂದಿನವರು ಇನ್ನೂ ಬಂದಿಲ್ಲ. ನಿಮ್ಮ ಆಸೆ ಏನು ಎಂದು ಕೇಳಿದರೆ ಯಂತ್ರದ ಗಾಜನ್ನು ಒರೆಸುತ್ತ ಹೇಳುತ್ತಾರೆ:

"ಆ ಹತ್ತು ಸಾವಿರ ಅದಲ್ರಿ, ಅದನ್ನ ಏರಿಸ್ಲಿ. ಕಮ್ಮಿ ಬಿದ್ದದ್ದು ನಾ ಹಾಕ್ತೀನಿ ಅಂದೆ, ಖರೇ. ಆದ್ರ ಆಕಿ ನನ್ನ ಹಂಗಿನಾಗ ಹೋಗಬಾರ್ದು. ಜನ್ಮ ಎಲ್ಲಾ ಕಲ್ಲ ತಿಕ್ಕಿ ದುಡದಾಕಿ ಆಕಿ. ತನ್ನ ರೊಕ್ಕದಾಗೇ ತಾ ಹೋಗಬೇಕು."