ಬಾಗಿಲ ಹೊರಗಿನ ಚಪ್ಪಲಿ

ಶಾಲೆಯ ಸಿಪಾಯಿ ನಮ್ಮ ಚಪ್ಪಲಿಗಳನ್ನು ಎರಡೂ ಕೈಯಲ್ಲಿ ಹಿಡಿದು ಒಯ್ಯುತ್ತಿದ್ದರು.

ಕುಡಿತ ಬಿಡುವವರು ಪ್ರತಿ ಭಾನುವಾರ ಮೂಡಲಗಿಯ ಒಂದು ಶಾಲೆಯಲ್ಲಿ ಸಭೆ ಸೇರುತ್ತಾರೆಂದು ಗೋಕಾಕದ ಡಾಕ್ಟರು ಹೇಳಿದ್ದರು. ಮೊದಲ ದಿನ ಹೋದವನು ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅಲ್ಲೇ ನಿಂತೆ. ನನ್ನ ಕೆಂಪು ಗೊಂಡೆಯ ಕೊಲ್ಹಾಪುರಿ ಚಪ್ಪಲಿಯ ಗುರುತು ನಮ್ಮೂರು ಘೋಡಗೇರಿಯಲ್ಲಿ ಎಲ್ಲರಿಗೂ ಇತ್ತು. ರಸ್ತೆಯಲ್ಲಿ ಹೋಗುವ ನಮ್ಮೂರವರು ಯಾರಾದರೂ ನೋಡಿಬಿಟ್ಟರೆ? ಆ ಸಿಪಾಯಿ ಬಂದು ನನ್ನ ಚಪ್ಪಲಿ ಎತ್ತಿಕೊಂಡರು.

“ನೀವು ಒಳಗ ನಡೀರಿ. ಹೊರಗಿಂದು ನಾ ನೋಡ್ಕೋತೀನಿ.”

ಎಲ್ಲರ ಚಪ್ಪಲಿಯನ್ನೂ ಕೋಣೆಯ ಹಿಂದಕ್ಕೆ ಒಯ್ದು, ಜೋಡಿ ತಪ್ಪದಂತೆ ಇಟ್ಟು, ಕಿಟಕಿಯ ಕೆಳಗೆ ಕೂಡುತ್ತಿದ್ದರು. ಯಾರಾದರೂ ವಿಚಾರಿಸಿದರೆ, “ಮಾಸ್ತರ್ ಮೀಟಿಂಗ್ ನಡದೈತ್ರಿ” ಎನ್ನುವರು. ಚಹಾಕ್ಕೆ ಒಳಗೆ ಕರೆದರೂ ಅದೇ ಮಾತು: “ಹೊರಗಿಂದು ನಾ ನೋಡ್ಕೋತೀನಿ.”

ನಾನು ಕುಡಿಯದೆ ವರ್ಷ ತುಂಬಿದ ಭಾನುವಾರ, ಚಪ್ಪಲಿ ಎತ್ತಲು ಬಗ್ಗಿದ ಸಿಪಾಯಿಯನ್ನು ತಡೆದೆ.

“ಇರ್ಲಿ ಬಿಡ್ರಿ ಕಾಕಾ. ಕಂಡ್ರ ಕಾಣ್ಲಿ.”

ಅವರು ರಸ್ತೆಯ ಕಡೆ ನೋಡಿದರು. ಮತ್ತೆ ನನ್ನ ಚಪ್ಪಲಿಯನ್ನು ನೋಡಿದರು. ಆಮೇಲೆ ತಮ್ಮ ಸವೆದ ಜೋಡನ್ನು ಅದರ ಪಕ್ಕ ಬಿಟ್ಟು, ಒಳಗೆ ಬಂದು ಕೊನೆಯ ಬೆಂಚಿನಲ್ಲಿ ಕುಳಿತರು. ಒಬ್ಬೊಬ್ಬರಾಗಿ ತಮ್ಮ ಮಾತು ಹೇಳುವ ಸರದಿ ಅವರಿಗೆ ಬಂದಾಗ ಎದ್ದು ಕೈಮುಗಿದರು.

“ನಾನೂ ಕುಡೀತೀನ್ರಿ,” ಎಂದರು.