ಕೈಚೀಲದ ಗುಂಡು

ಆಗ ನನಗೆ ಎಪ್ಪತ್ತೊಂದು. ನಾಲ್ಕು ವರ್ಷವಾಯಿತು. ಕೊಯಮತ್ತೂರಿನ ವಿಮಾನ ನಿಲ್ದಾಣದಲ್ಲಿ ನನ್ನನ್ನು ಮುಕ್ಕಾಲು ಗಂಟೆ ಹಿಡಿದು ಕೂರಿಸಿದರು. ಅವರನ್ನು ಬಯ್ಯಲು ಇದನ್ನು ಬರೆಯುತ್ತಿಲ್ಲ. ಬಾಯಿ ತಪ್ಪಿದ್ದು ನನ್ನದೇ.

ಅಕ್ಕ ಮುಂಬೈಯಲ್ಲಿ ಮಗಳ ಮನೆಯಲ್ಲಿದ್ದಳು. ಅಳಿಯನಿಗೆ ಅಲ್ಲಿ ತಿರುಪ್ಪೂರಿನ ಬನಿಯನ್ ವ್ಯಾಪಾರ. ಅಕ್ಕನ ಹೊಟ್ಟೆಯಲ್ಲಿ ಗೆಡ್ಡೆ ಬೆಳೆದಿತ್ತು. ಎರಡು ಸಲ ಆಪರೇಷನ್ನಿಗೆ ದಿನ ಕೊಟ್ಟರು. ಎರಡು ಸಲವೂ ಹಸಿರು ಅಂಗಿ ಹಾಕಿಸಿಕೊಂಡ ಮೇಲೆ ಮಂಚದಿಂದ ಇಳಿದು ಮನೆಗೆ ಬಂದುಬಿಟ್ಟಳು. ಮೂರನೆಯ ಸಲ ಡಾಕ್ಟರು, ಈಗಲೂ ಎದ್ದು ಹೋದರೆ ನಾನು ಮತ್ತೆ ಮುಟ್ಟುವುದಿಲ್ಲ, ಗೆಡ್ಡೆಯೂ ಕಾಯುವುದಿಲ್ಲ ಅಂದರಂತೆ. ಆಗ ಅಕ್ಕ ನನಗೆ ಫೋನು ಮಾಡಿದಳು.

"ನೀ ಬಂದ್ರೆ ಒಳಕ್ಕೋಯ್ತೀನಿ. ಬರ್ಲಿಲ್ಲಾಂದ್ರೆ ಇಲ್ಲ."

"ನಾ ಬಂದು ಏನ್ ಮಾಡ್ಲಿ? ಕತ್ತಿ ಹಿಡೀಲಾ?"

"ಚುಮ್ಮಾ ಪಕ್ಕದಲ್ಲಿ ನಿಂತ್ಕೊ, ಸಾಕು. ಬರೋವಾಗ ಒಂದು ಗ್ರೈಂಡರ್ ತಕ್ಕೊಂಡು ಬಾ. ಇವ್ಳ ಮಿಕ್ಸಿ ಹಿಟ್ಟು ತಿಂದು ತಿಂದೇ ನನ್ ಹೊಟ್ಟೆ ಕೆಟ್ಟದ್ದು."

ಆಪರೇಷನ್ ಮಾರನೆಯ ದಿನ ಬೆಳಿಗ್ಗೆ. ರೈಲಿನಲ್ಲಿ ಹೋದರೆ ಸಮಯಕ್ಕೆ ಮುಟ್ಟುವುದಿಲ್ಲ ಎಂದು ಅಳಿಯ ವಿಮಾನದ ಟಿಕೆಟ್ಟು ಮಾಡಿಸಿದ. ಅದೇ ನನ್ನ ಮೊದಲ ವಿಮಾನ.

ಗ್ರೈಂಡರ್ ಕೊಂಡು ಕಟ್ಟಿಕೊಟ್ಟವನು ನನ್ನ ತಮ್ಮನ ಮಗ. ನಲವತ್ತು ದಾಟಿದವನು, ಕೊಯಮತ್ತೂರಿನಲ್ಲಿ ಗಣಪತಿ ಅನ್ನುವ ಬಡಾವಣೆಯ ಒಂದು ಪಂಪಿನ ಕಾರ್ಖಾನೆಯಲ್ಲಿ ಕೆಲಸ. ಒಂದು ಲೀಟರಿನ ಸಣ್ಣ ಗ್ರೈಂಡರ್ ಅದು. ಪಾತ್ರೆಯನ್ನು ದೊಡ್ಡ ಪೆಟ್ಟಿಗೆಗೆ ಹಾಕಿದ. ಮೋಟಾರನ್ನೂ ಕಲ್ಲಿನ ಗುಂಡುಗಳನ್ನೂ ನನ್ನ ಕೈಚೀಲಕ್ಕೆ ಹಾಕಿದ.

"ಪೆಟ್ಟಿಗೆನ ಎತ್ತಿ ಎಸೀತಾರೆ ಅತ್ತೆ. ಮೋಟಾರು ಕೈಯಲ್ಲೇ ಇರ್ಲಿ" ಅಂದ. ಗುಂಡುಗಳು ಒಂದಕ್ಕೊಂದು ತಾಗಿ ಚಕ್ಕೆ ಏಳಬಾರದು ಎಂದು ಕರೆಂಟಿನ ವಯರನ್ನು ಅವುಗಳ ಸುತ್ತ ಬಿಗಿಯಾಗಿ ಸುತ್ತಿದ. ಕೆಲಸ ಅಚ್ಚುಕಟ್ಟು. ಬುದ್ಧಿ ಇರಲಿಲ್ಲ. ನನಗೂ ಇರಲಿಲ್ಲ.

ಟಿಕೆಟ್ಟಿಲ್ಲದವರನ್ನು ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ನನ್ನನ್ನು ಬಿಟ್ಟು ಅವನು ಕೆಲಸಕ್ಕೆ ಹೊರಟುಹೋದ. ಪೆಟ್ಟಿಗೆಯನ್ನು ಕೌಂಟರಿನಲ್ಲಿ ಕೊಟ್ಟು, ಜನ ಸಾಲು ನಿಂತಿದ್ದ ಕಡೆ ನಾನೂ ಹೋಗಿ ನಿಂತೆ. ಎಲ್ಲರೂ ಲ್ಯಾಪ್‌ಟಾಪು, ಫೋನು, ಚಾರ್ಜರು ತೆಗೆದು ಟ್ರೇಯಲ್ಲಿ ಇಡುತ್ತಿದ್ದರು. ನಾನು ಫೋನು ಇಟ್ಟೆ. ಖಾಕಿ ಹಾಕಿದ ಒಬ್ಬ ಹೆಂಗಸು ಹಿಂದಿಯಲ್ಲಿ ಏನೋ ಕೇಳಿದಳು. ತಲೆಯಾಡಿಸಿದೆ. ಬ್ಯಾಗಿನಲ್ಲಿ ಕರೆಂಟಿನ ಸಾಮಾನು ಬೇರೆ ಉಂಟಾ ಎಂದು ಕೇಳಿದ್ದಿರಬೇಕು. ತಲೆಯನ್ನು ಯಾವ ಕಡೆಗೆ ಆಡಿಸಿದೆನೋ ಈಗ ನೆನಪಿಲ್ಲ.

ಬ್ಯಾಗು ಮಿಷನ್ನಿನೊಳಕ್ಕೆ ಹೋಯಿತು. ಬೆಲ್ಟು ನಿಂತಿತು. ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ ಹೋಯಿತು. ಟಿವಿ ಮುಂದೆ ಕೂತಿದ್ದವನು ಕಣ್ಣು ಕೀಳದೆ ಕೈ ಎತ್ತಿ ಇನ್ನೊಬ್ಬನನ್ನು ಕರೆದ. ಬಂದವನು ತಮಿಳಿನವನು, ಇನ್ನೂ ಚಿಕ್ಕ ವಯಸ್ಸು, ಅಜ್ಜಿಯನ್ನು ಕರೆಯುವ ಹಾಗೆ ಪಾಟಿ ಎಂದು ಕರೆದ.

"ಪಾಟಿ, ಇದು ನಿಮ್ಮ ಬ್ಯಾಗಾ?"

"ಆಮಾ, ನಂದೇ."

"ಒಳಗೆ ಏನಿದೆ?"

"ಗುಂಡು" ಅಂದೆ.

ಅವನ ಮುಖ ಬದಲಾಯಿತು. "ಏನಂದ್ರಿ?"

ಕೇಳಿಸಲಿಲ್ಲ ಅಂದುಕೊಂಡು ಗಟ್ಟಿಯಾಗಿ ಹೇಳಿದೆ. "ಗುಂಡು. ಎರಡು ಗುಂಡು. ಪಕ್ಕದಲ್ಲಿರೋದು ಅದರ ಮೋಟಾರು. ವಯರು ಸುತ್ತಿಟ್ಟಿದೀವಿ." ಎಲ್ಲವನ್ನೂ ತಮಿಳಿನಲ್ಲೇ ಹೇಳಿದೆ, ಗುಂಡು ಒಂದನ್ನು ಬಿಟ್ಟು.

ತಮಿಳಿನಲ್ಲಿ ಗುಂಡು ಅಂದರೆ ಬಾಂಬು. ನನಗೆ ಗೊತ್ತಿಲ್ಲದ್ದಲ್ಲ. ಆದರೆ ನಮ್ಮ ಮನೆಮಾತು ಕನ್ನಡ, ಮನೆಯಲ್ಲಿ ರುಬ್ಬುವ ಕಲ್ಲು ಗುಂಡೇ. ಅಜ್ಜಿಯ ಬಾಯಲ್ಲೂ ಅಮ್ಮನ ಬಾಯಲ್ಲೂ ಅದಕ್ಕೆ ಬೇರೆ ಹೆಸರಿರಲಿಲ್ಲ. ಕುನ್ನತ್ತೂರು ಸಂತೆಯಲ್ಲಿ ಟೊಮೆಟೊ ಮಾರಿದ್ದು ತಮಿಳಿನಲ್ಲಿ, ಬನಿಯನ್ ಕಂಪನಿಯಲ್ಲಿ ಹನ್ನೊಂದು ವರ್ಷ ದಾರ ಕತ್ತರಿಸಿದ್ದು ತಮಿಳಿನಲ್ಲಿ, ಬಸ್ಸಿನಲ್ಲಿ ಸೀಟಿಗೆ ಜಗಳವಾಡಿದ್ದೂ ತಮಿಳಿನಲ್ಲೇ. ಅಡುಗೆಮನೆಯ ಮಾತು ಮಾತ್ರ ಹೊಸಿಲು ದಾಟಿ ಆಚೆ ಬಂದಿರಲಿಲ್ಲ. ಆ ಕಲ್ಲಿಗೆ ತಮಿಳಿನಲ್ಲಿ ಒಂದು ಹೆಸರುಂಟು, ಕೇಳಿದ್ದೇನೆ. ಆ ಹೊತ್ತಿಗೆ ಅದು ಬಾಯಿಗೆ ಬರಲಿಲ್ಲ. ಗ್ರೈಂಡರ್ ಅಂದಿದ್ದರೂ ಸಾಕಿತ್ತು, ಅದೂ ಹೊಳೆಯಲಿಲ್ಲ.

ಹುಡುಗ ಒಂದು ಹೆಜ್ಜೆ ಹಿಂದೆ ಸರಿದ. ಯಾರೋ ಶಿಳ್ಳೆ ಊದಿದರು. ನನ್ನ ಹಿಂದಿದ್ದ ಸಾಲನ್ನು ದೂರ ತಳ್ಳಿದರು. ಖಾಕಿ ಹೆಂಗಸು ನನ್ನ ರಟ್ಟೆ ಹಿಡಿದು ಗೋಡೆಯ ಹತ್ತಿರದ ಕುರ್ಚಿಯಲ್ಲಿ ಕೂರಿಸಿದಳು. ಮಕ್ಕಳನ್ನು ಎತ್ತಿಕೊಂಡವರು ನನ್ನನ್ನೇ ನೋಡುತ್ತಾ ಓಡಿದರು. ಆಗ ಹೊಳೆಯಿತು ನಾನು ಏನಂದೆ ಎಂದು. ಹೊಳೆದ ಮೇಲೆ, ಇನ್ನೊಂದು ಮಾತು ತಪ್ಪೀತೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಟ್ರೇಯಲ್ಲಿದ್ದ ಫೋನು ಬಡಿದುಕೊಳ್ಳತೊಡಗಿತು. ಅಕ್ಕನ ಮಗಳ ಫೋಟೋ ಕಾಣುತ್ತಿತ್ತು. ನಾನು ಹೊರಟೆನೋ ಇಲ್ಲವೋ ಎಂದು ಅಕ್ಕ ಕೇಳಿಸುತ್ತಿರಬೇಕು. ಎದ್ದು ಕೈ ಚಾಚಿದೆ. ಹೆಂಗಸು ಮಣಿಕಟ್ಟು ಹಿಡಿದು ಮತ್ತೆ ಕೂರಿಸಿದಳು. ಫೋನು ನಿಂತಿತು. ಮತ್ತೆ ಬಡಿದುಕೊಂಡಿತು. ನಾನು ಎತ್ತಲಿಲ್ಲವೆಂದರೆ ಅಕ್ಕ ಏನು ಮಾಡುತ್ತಾಳೆ ಎಂದು ನನಗೆ ಗೊತ್ತು. ಬರುವುದಿಲ್ಲ ಅವಳು, ನಡೀ ಮನೆಗೆ, ಅನ್ನುತ್ತಾಳೆ.

ಕೈಗವಸು ತೊಟ್ಟ ಒಬ್ಬ ಬಂದು ಬ್ಯಾಗಿನ ಮೈಯನ್ನು ಬಿಳಿ ಬಟ್ಟೆಯ ಚೂರಿನಿಂದ ಒರೆಸಿ, ಆ ಚೂರನ್ನು ಒಂದು ಡಬ್ಬಿಯಂಥ ಯಂತ್ರಕ್ಕೆ ತೂರಿಸಿದ. ಎಲ್ಲರೂ ಯಂತ್ರವನ್ನೇ ನೋಡಿದರು. ನಾನೂ ನೋಡಿದೆ. ಸಿಡಿಮದ್ದಿನ ಸೋಂಕಿದ್ದರೆ ಕೂಗುತ್ತದಂತೆ, ಅದು ಕೂಗಲಿಲ್ಲ. ಆದರೂ ಯಾರೂ ಬ್ಯಾಗು ಮುಟ್ಟಲಿಲ್ಲ. ಮೇಲಿನ ಅಧಿಕಾರಿ ಬರಲಿ ಅಂದರು. ಗೋಡೆಯ ಗಡಿಯಾರದಲ್ಲಿ ವಿಮಾನಕ್ಕೆ ಇನ್ನು ಐವತ್ತು ನಿಮಿಷವಿತ್ತು. ಅಧಿಕಾರಿ ಬರುವಾಗ ಅದು ಮೂವತ್ತಾಗಿತ್ತು.

ಆತ ನರೆತ ಮೀಸೆಯವನು. ಮಾತು ನಮ್ಮ ಕಡೆಯ ತಮಿಳೇ, ಕೊನೆಗೊಂದು ಉಂಗ ಸೇರಿಸಿ, ಹಿರಿಯ ಹೆಂಗಸರನ್ನು ಆತ್ತಾ ಅನ್ನುವಂಥದ್ದು.

"ಯಾವ ಊರುಂಗ, ಆತ್ತಾ?"

"ಕುನ್ನತ್ತೂರು ಪಕ್ಕ."

"ಬ್ಯಾಗಲ್ಲಿರೋದು ಎಲ್ಲಿಂದ ಸಿಕ್ತು?"

"ಅಂಗಡಿಯಿಂದ. ತಮ್ಮನ ಮಗ ಕೊಂಡುಕೊಟ್ಟ."

ಹುಡುಗ ನಡುವೆ ಬಾಯಿ ಹಾಕಿದ. "ಅಂಗಡೀಲಿ ಗುಂಡು ಮಾರ್ತಾರಾ? ಯಾವ ಅಂಗಡಿ?"

"ಎಲ್ಲಾ ಪಾತ್ರೆ ಅಂಗಡೀಲೂ ಮಾರ್ತಾರೆ. ನಿನ್ ಮನೇಲೂ ಇರ್ತದೆ. ನಿಮ್ಮಮ್ಮನ್ನ ಕೇಳು."

"ಪಾಟಿ, ತಮಾಷೆ ಮಾಡ್ಬೇಡಿ! ಪೊಲೀಸಿಗೆ ಕೊಡ್ತೀನಿ."

"ತಮಾಷೆ ಮಾಡೋ ಮುಖಾನಾ ಇದು?"

ಅಧಿಕಾರಿ ಅವನನ್ನು ಕೈಯಲ್ಲಿ ತಡೆದ. "ಸರೀಂಗ ಆತ್ತಾ. ಅದರಲ್ಲಿ ಏನು ಮಾಡ್ತೀರಿ, ಅದನ್ನ ಹೇಳಿ."

ಹೆಸರು ಬಾರದಿದ್ದರೂ ಕೆಲಸ ಗೊತ್ತಲ್ಲ. ಬಲಗೈ ಮುಷ್ಟಿ ಮಾಡಿ ಗಾಳಿಯಲ್ಲಿ ಸುತ್ತಿಸಿದೆ, ಎಡಗೈಯಿಂದ ಇಲ್ಲದ ಹಿಟ್ಟನ್ನು ಒಳಕ್ಕೆ ತಳ್ಳಿದೆ. "ಇಡ್ಲಿಗೆ" ಅಂದೆ.

ಆತ ಒಂದು ಗಳಿಗೆ ನನ್ನ ಕೈಯನ್ನೇ ನೋಡಿದ. "ಕುಳವಿಯಾ?"

"ಕುಳವಿ! ಅದೇ! ಹಾಳಾದ ಕುಳವಿ!"

ಆತ ನಗಲಿಲ್ಲ. ಸಾಲಿನಲ್ಲಿ ಯಾರೋ ನಕ್ಕರು. ಆತ ತಿರುಗಿ ನೋಡಿದ, ನಗು ನಿಂತಿತು. "ಕುಳವಿ ಅಂತಾನೇ ಹೇಳ್ಬೇಕುಂಗ. ಆ ಇನ್ನೊಂದು ಮಾತು ಈ ಕಟ್ಟಡದೊಳಗೆ ನಿಮ್ಮ ಬಾಯಲ್ಲಿ ಮತ್ತೆ ಬರಬಾರದು."

ಬ್ಯಾಗು ಬಿಚ್ಚಿದರು. ಗುಂಡುಗಳಿಂದ ವಯರನ್ನು ಸುತ್ತು ಸುತ್ತಾಗಿ ಬಿಡಿಸಿದರು. ಮೋಟಾರನ್ನು ಮೇಜಿನ ಮೇಲಿಟ್ಟು, ಓಡಿಸಿ ತೋರಿಸಿ ಅಂದರು. ಪ್ಲಗ್ಗು ಹಾಕುವಾಗ ಎರಡು ಸಲ ತೂತು ತಪ್ಪಿತು. ಅದು ಓಡದಿದ್ದರೆ ನನ್ನ ಗತಿ ಏನೆಂದು ಯೋಚಿಸಿದೆ. ಸ್ವಿಚ್ಚು ಒತ್ತಿದೆ. ಗುಂಯ್ ಎಂದು ತಿರುಗಿತು. ಹುಡುಗ ಮತ್ತೆ ಮೇಜಿನ ಹತ್ತಿರ ಬಂದ.

ಅಷ್ಟಕ್ಕೇ ಮುಗಿಯಲಿಲ್ಲ. ಕಲ್ಲನ್ನು ವಿಮಾನದೊಳಗೆ ಕೈಯಲ್ಲಿ ಒಯ್ಯುವ ಹಾಗಿಲ್ಲ, ಅದರಲ್ಲಿ ಹೊಡೆದರೆ ತಲೆ ಒಡೆಯುತ್ತದೆ ಅಂದರು. ಅದು ನಿಜ. ಹಿಂದಕ್ಕೆ ಹೋಗಿ ಕೌಂಟರಿನಲ್ಲಿ ಕೊಟ್ಟು ಬರಬಹುದಿತ್ತಂತೆ, ಆದರೆ ಕೌಂಟರು ಮುಚ್ಚಿ ಆಗಿತ್ತು. "ಬೇಕೇ ಬೇಕು ಅಂದ್ರೆ ನಾಳೆ ವಿಮಾನಕ್ಕೆ ಹೋಗಿ" ಅಂದ ಹುಡುಗ.

"ಇಟ್ಕೊ. ಮೋಟಾರನ್ನೂ ಇಟ್ಕೊ" ಅಂದೆ. "ನಾಳೆ ನಾ ಅಲ್ಲಿಲ್ಲಾಂದ್ರೆ ನಮ್ಮಕ್ಕ ಸಾಯ್ತಾಳೆ."

ಅಧಿಕಾರಿ ಒಂದು ಹಾಳೆಯಲ್ಲಿ ತಮಿಳಿನಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕಲು ಕೊಟ್ಟ. ನಾನು ಓದಿದ್ದು ಮೂರನೆಯ ತರಗತಿ. ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಮೈಕಿನಲ್ಲಿ ಮುಂಬೈ ಎಂದು ಕೂಗುತ್ತಿದ್ದರು. ಬೇಗ ಹಾಕಿ ಪಾಟಿ ಎಂದು ಹುಡುಗ ಕುಣಿಯುತ್ತಿದ್ದ. ಎರಡನೆಯ ಸಾಲಿನಲ್ಲಿ ಬ್ಯಾಗಿನಲ್ಲಿ ಗುಂಡು ಇದೆ ಎಂದು ಹೇಳಿದಳು ಅಂತ ಇತ್ತು.

"ಇದನ್ನ ಹೊಡೆದು ಕುಳವಿ ಅಂತ ಬರೀರಿ."

"ಆತ್ತಾ, ನೀವು ಹೇಳಿದ್ದು ಅದನ್ನೇ ಅಲ್ವಾಂಗ?"

"ನಾ ಹೇಳಿದ್ದು ಕಲ್ಲನ್ನ. ಬರೆದದ್ದು ಉಳೀತದೆ. ನಾಳೆ ಯಾರೋ ಓದಿ ನನ್ನ ತಮ್ಮನ ಮಗನ್ನ ಎಳ್ಕೊಂಡೋದ್ರೆ?"

ಆತ ಪೆನ್ನು ಹಿಡಿದು ನನ್ನ ಮುಖ ನೋಡಿದ. ನಾನೂ ಅವನ ಮುಖ ನೋಡಿದೆ. ವಿಮಾನ ಹೋದರೂ ಸಹಿ ಹಾಕಬಾರದು ಎಂದು ಒಂದು ಮನಸ್ಸು. ಸಹಿ ಹಾಕದಿದ್ದರೆ ಅಕ್ಕ ಹೋಗುತ್ತಾಳೆ ಎಂದು ಇನ್ನೊಂದು. ಆತ ಆ ಮಾತನ್ನು ಹೊಡೆದು ಮೇಲೆ ಕುಳವಿ ಎಂದು ಬರೆದು ತನ್ನ ಸಣ್ಣ ಸಹಿ ಹಾಕಿದ. ಕೆಳಗೆ ನನ್ನ ಹೆಸರು ಬರೆದೆ. ಐದು ಅಕ್ಷರ.

ಆಮೇಲೆ ಓಡಿದೆ. ಖಾಕಿ ಹೆಂಗಸು ನನ್ನ ಫೋನು ಹಿಡಿದು ಜೊತೆಯಲ್ಲೇ ಓಡಿ ಬಂದಳು, ಬಾಗಿಲಲ್ಲಿ ಕೈಗೆ ಕೊಟ್ಟು ಹಿಂದಿಯಲ್ಲಿ ಏನೋ ಅಂದಳು. ಒಳಗೆ ಕೊನೆಯವಳು ನಾನೇ. ಕೂತ ಮೇಲೆ ಅಕ್ಕನ ಮಗಳಿಗೆ ಫೋನು ಮಾಡಿ, "ಹತ್ತಿದೀನಿ ಅಂತ ಹೇಳು" ಎಂದು ಇಟ್ಟೆ. ಮೊದಲ ವಿಮಾನ ಹೇಗಿತ್ತು ಎಂದು ಜನ ಕೇಳುತ್ತಾರೆ. ನನಗೆ ಗೊತ್ತಿಲ್ಲ. ಉದ್ದಕ್ಕೂ ಕಣ್ಣು ಮುಚ್ಚಿ ಕೂತಿದ್ದೆ, ಮುಂಬೈಯಲ್ಲಿ ಮತ್ತೆ ಯಾರು ಏನು ಕೇಳುತ್ತಾರೋ ಎಂದು.

ಅಕ್ಕ ಆಗಲೇ ಆಸ್ಪತ್ರೆಯ ಮಂಚದ ಮೇಲಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. "ಒಂದು ಕಲ್ಲನ್ನ ನೆಟ್ಟಗೆ ತರೋಕಾಗ್ಲಿಲ್ವಾ ನಿನಗೆ" ಎಂದು ಊಟ ಬರುವ ತನಕ ಬೈದಳು. ಬೈಯುವಾಗ ಹೆದರಿಕೆ ಮರೆತಿದ್ದಳು. ಅದಕ್ಕೇ ಬೈಸಿಕೊಂಡೆ.

ಮಾರನೆಯ ಬೆಳಿಗ್ಗೆ ಆರು ಗಂಟೆಗೆ ನರ್ಸು ಬಂದು, ಮೈಮೇಲಿನ ಲೋಹವೆಲ್ಲ ತೆಗೆಯಬೇಕು ಅಂದಳು. ಬಳೆ, ಓಲೆ, ಕಾಲುಂಗುರ ಬಂದವು. ಮೂಗುಬೊಟ್ಟು ಬರಲಿಲ್ಲ. ಮದುವೆಯಲ್ಲಿ ಹಾಕಿದ್ದು, ತಿರುಪು ಮಾಂಸಕ್ಕೆ ಅಂಟಿಹೋಗಿತ್ತು. ನರ್ಸು ಮುಟ್ಟಿದ ಕೂಡಲೇ ಅಕ್ಕ ತಲೆ ಕೊಡವಿ ಕಾಲನ್ನು ಮಂಚದಿಂದ ಕೆಳಕ್ಕಿಟ್ಟಳು. ನಾನು ನರ್ಸನ್ನು ಆಚೆ ಕಳಿಸಿದೆ. ಅಕ್ಕನ ಕಾಲನ್ನು ಎತ್ತಿ ಮೇಲಿಟ್ಟೆ. ಕೊಬ್ಬರಿ ಎಣ್ಣೆ ಎರಡು ಹನಿ ಬಿಟ್ಟು, ಅವಳ ತಲೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ಅವಳು ನನ್ನ ತೋಳು ಕಚ್ಚಿದರೂ ಬಿಡದೆ ತಿರುಪನ್ನು ಬಿಚ್ಚಿದೆ. ಮಂಚವನ್ನು ಒಳಕ್ಕೆ ತಳ್ಳಿಕೊಂಡು ಹೋಗುವ ತನಕ ಪಕ್ಕದಲ್ಲೇ ನಿಂತಿದ್ದೆ.