ಬಾಣಂತಿ ನೀರಿಗೊಬ್ಬ ಬಾಯ್ಲರ್ ಆಪರೇಟರ್

ಕೊಲ್ಲಿ ನಾಡಿನ ಸೊಹಾರಿನ ಒಂದು ಕಾರ್ಖಾನೆಯಲ್ಲಿ ಸುಕೇಶ ಬಾಯ್ಲರ್ ಆಪರೇಟರ್. ಹನ್ನೆರಡು ವರ್ಷದ ಸರ್ವಿಸು. ಪ್ರೆಶರ್ ಗೇಜಿನ ಮುಳ್ಳು ಒಂದು ಗೆರೆ ಆಚೀಚೆಯಾದರೆ ಸಾಕು, ಕ್ಯಾಂಟೀನಿನಲ್ಲಿ ಉಣ್ಣುತ್ತಿದ್ದವನು ಎಂಜಲು ಕೈಯಲ್ಲೇ ಓಡುವ ಆಸಾಮಿ. ಇಂಥವನ ಮನೆಯ ಗೀಸರಿನಿಂದ ಬಿಸಿನೀರು ನೂಲಿನ ಹಾಗೆ ಇಳಿಯುತ್ತಿತ್ತು ಎಂದರೆ ನಗಬೇಕೋ ಅಳಬೇಕೋ, ನೀವೇ ಹೇಳಿ.

ಬೇರೆ ದಿನಗಳಲ್ಲಾದರೆ ಹೇಗೋ ನಡೆಯುತ್ತಿತ್ತು. ಈಗ ಹೆಂಡತಿ ಪ್ರಣೀತಾ ಹೆತ್ತು ಹದಿನೆಂಟು ದಿನ. ಬಾಣಂತನಕ್ಕೆಂದು ಬೆಳ್ತಂಗಡಿಯಿಂದ ಬಂದಿಳಿದ ಅತ್ತೆ ಅಪ್ಪಿಯಕ್ಕನಿಗೆ ಬಾಣಂತಿ ಸ್ನಾನವೆಂದರೆ ಹಂಡೆಗಟ್ಟಲೆ ಸುಡುಸುಡು ನೀರು. ಇಲ್ಲಿ ಬಕೆಟು ತುಂಬುವಷ್ಟರಲ್ಲಿ ನೀರು ಆರಿಯೇ ಹೋಗುತ್ತಿತ್ತು. ಆಕೆ ಗ್ಯಾಸಿನ ಮೇಲೆ ನೀರು ಕಾಯಿಸಿ, ಪಾತ್ರೆ ಹೊತ್ತು ಹೊತ್ತು ಸೊಂಟ ಹಿಡಿದುಕೊಂಡು, ಕಡೆಗೆ ತೀರ್ಪು ಕೊಟ್ಟಳು: ಇಲ್ಲಿ ಕೆಲಸದ ದಿನವಾದ ಭಾನುವಾರ ಮಗುವಿನ ಪಾಸ್‌ಪೋರ್ಟು ಕೈಗೆ ಬರುತ್ತದೆ; ಅಷ್ಟರೊಳಗೆ ನೀರು ಸರಿಯಾಗದಿದ್ದರೆ ತಾಯಿ-ಮಗು ಇಬ್ಬರನ್ನೂ ಊರಿಗೆ ಕರೆದೊಯ್ಯುವುದೇ ಸೈ.

ಸುಕೇಶನಿಗೆ ದಿನಾ ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುವ ಮೊದಲೇ ಮಗಳ ಮುಖ ನೋಡಬೇಕಿತ್ತು. ಆ ಮುಖವಿಲ್ಲದ ಮನೆಗೆ ಬರಲು ಅವನಿಂದ ಆಗುತ್ತಿರಲಿಲ್ಲ.

ಸರಿ, ಶುರುವಾಯಿತು ಪಂಡಿತರ ತನಿಖೆ. ತಣ್ಣೀರು ಜೋರಾಗಿಯೇ ಬರುತ್ತಿದೆ, ಬಿಸಿನೀರು ಮಾತ್ರ ಸೊರಗಿದೆ. ಅಂದಮೇಲೆ ಗೀಸರಿನೊಳಗೆ ಉಪ್ಪು ಕಟ್ಟಿರಬೇಕೆಂದು ಗುರುವಾರ ಮನೆಯ ಮೇನ್ ವಾಲ್ವ್ ಮುಚ್ಚಿ, ಗೀಸರು ಬಿಚ್ಚಿ ತೊಳೆದ. ಉಪ್ಪು ಸಿಕ್ಕಿತು, ಒಂದು ಚಮಚದಷ್ಟು. ಶುಕ್ರವಾರ ವಾಚ್‌ಮನ್ ಶರ್ಫುದ್ದೀನನನ್ನು ತಾರಸಿಗೆ ಅಟ್ಟಿ ಟ್ಯಾಂಕು ನೋಡಿಸಿದ. ಪಾಪ, ಅವನು ಎರಡು ಸಲ ಹತ್ತಿಳಿದು, ಟ್ಯಾಂಕಿನ ತುಂಬ ನೀರಿದೆಯೆಂದು ವರದಿ ಒಪ್ಪಿಸಿದ. ಪ್ರಣೀತಾ ಗೋಡೆಯ ಕಡೆ ಹೊರಳಿ ನಗುತ್ತಿದ್ದಳು. ಅಪ್ಪಿಯಕ್ಕ ಮಾತ್ರ ಪಾತ್ರೆ ಹೊರುತ್ತಲೇ ಇದ್ದಳು.

ಶನಿವಾರ ಸಂಜೆ ಕೈಜಾರಿದ ಸ್ಕ್ರೂ ಹುಡುಕಲು ಬಚ್ಚಲಿನ ವಾಷಿಂಗ್ ಮೆಷೀನಿನ ಹಿಂದೆ ಬಗ್ಗಿದ ಸುಕೇಶನಿಗೆ ಗೀಸರಿಗೆ ಹೋಗುವ ಪೈಪಿನ ಪುಟ್ಟ ವಾಲ್ವ್ ಕಂಡಿತು. ಮುಕ್ಕಾಲು ಮುಚ್ಚಿತ್ತು. ಮುಚ್ಚಿದ ಮಹಾನುಭಾವ ಅವನೇ! ಜೂನಿನಲ್ಲಿ ತಾರಸಿಯ ಟ್ಯಾಂಕಿನ ನೀರು ಮೈ ಸುಡುವಾಗ ಇಲ್ಲಿಯವರು ಗೀಸರು ಆಫ್ ಮಾಡಿ, ಮನೆಯ ನೆರಳಿನಲ್ಲಿರುವ ಅದರೊಳಗೆ ತಣಿದು ನಿಂತ ನೀರನ್ನೇ ಮೀಯಲು ಬಳಸುತ್ತಾರೆ. ಆ ನೀರು ಬೇಗ ಮುಗಿಯದಿರಲಿ ಎಂದು ಸುಕೇಶ ವಾಲ್ವ್ ತಿರುಗಿಸಿಟ್ಟಿದ್ದ. ಚಳಿ ಬಂದಾಗ ಸ್ವಿಚ್ ಹಾಕಿದ, ವಾಲ್ವ್ ಮರೆತ.

ವಾಲ್ವ್ ತೆರೆದು ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಧೋ ಎಂದು ಸುರಿಯಿತು. ಯಾರೂ ನೋಡಿರಲಿಲ್ಲ. ಉಪ್ಪು ತೊಳೆದದ್ದರಿಂದ ಸರಿಹೋಯಿತೆಂದು ಮೀಸೆ ತಿರುವಬಹುದಿತ್ತು. ಆದರೆ ಸದ್ದು ಕೇಳಿ ಬಾಗಿಲಿಗೆ ಬಂದ ಅತ್ತೆಯ ಕೈ ಇನ್ನೂ ಸೊಂಟದ ಮೇಲೇ ಇತ್ತು. ಅವನಿಗೆ ನಾಚಿಕೆಯಾಯಿತು.

“ಅತ್ತೆ, ಈ ವಾಲ್ವ್ ಬಂದ್ ಮಾಡಿ ಇಟ್ಟದ್ದು ನಾನೇ. ಮರೆತೇ ಹೋಗಿತ್ತು. ನಿಮಗೆ ಸುಮ್ಮನೆ ಕಷ್ಟ ಆಯ್ತು.”

ಅಪ್ಪಿಯಕ್ಕ ನಗಲಿಲ್ಲ, ಬೈಯಲೂ ಇಲ್ಲ. ತಲೆ ತಗ್ಗಿಸಿ, “ಮೊನ್ನೆ ಗುಡಿಸುವಾಗ ನಾನು ನೋಡಿದ್ದೆ” ಎಂದಳು. “ತಿರುಗಿಸ್ಲಿಲ್ಲ. ನೀರು ಸರಿ ಆದ್ರೆ ಪುಳ್ಳಿ ಕೂಸನ್ನು ಊರಿಗೆ ಕರ್ಕೊಂಡು ಹೋಗ್ಲಿಕ್ಕೆ ನನಗೆ ಬೇರೆ ನೆಪ ಎಲ್ಲುಂಟು?”

ಸುಕೇಶ ನಲ್ಲಿ ನಿಲ್ಲಿಸಿದ. ಆಮೇಲೆ ಹೇಳಿದ:

“ಹಾಗಾದ್ರೆ ನೀವೇ ಇಲ್ಲಿ ನಿಲ್ಲಿ. ನಿಮ್ಮ ವೀಸಾ ಇನ್ನೂ ಮುಂದಕ್ಕೆ ಹಾಕಿಸ್ಲಿಕ್ಕೆ ಆಗ್ತದಾ ನಾಳೆಯೇ ಕೇಳ್ತೇನೆ.”

ಅಪ್ಪಿಯಕ್ಕ ಕಣ್ಣೊರೆಸಿಕೊಂಡು, ಮಗಳು ಪ್ರಣೀತಾಳನ್ನು ಮೀಯಲು ಕರೆದಳು.